ಏಳೂವರೆ

ಕೌಲ್ ಬಜಾರಿನ ಹಿಂದಿನ ಗಲ್ಲಿ. ಕೆಳಗೆ ನಮ್ಮ ಜೀನ್ಸ್ ಕಾರ್ಖಾನೆ,
ಮೇಲೆ ಸಿಮೆಂಟ್ ಶೀಟಿನ ಕೋಣೆ.
ಗೋಡೆಗೆಲ್ಲ ಚಿಂದಿ ಬಡಿದಿದ್ದಾರೆ:
ಒಂಟಿ ಕಾಲು, ಹರಿದ ಜೇಬು, ಜಿಪ್ಪಿಲ್ಲದ ಸೊಂಟ,
ಮೂರು ಪದರ ನೀಲಿ.
"ಸದ್ದು ಕುಡೀತೈತಿ ಅಕ್ಕಾ ಇದು" ಅಂದ ತಮ್ಮ ಗಾದಿಲಿಂಗ.
ಹನ್ನೊಂದು ವರ್ಷದಿಂದ ಈ ಬಟ್ಟೆಗೆ ಕಾಜಾ ಹಾಕಿದವಳು ನಾನು.
ಬೆವರು ಕುಡಿಯುವುದು ಗೊತ್ತಿತ್ತು.

ತಂಡದ ಹೆಸರು ಅದಿರು.
ಲಾರಿಯಲ್ಲಿ ಹೋಗುವುದು ಅದೇ,
ಲಾರಿ ಹೋದಾಗ ನೆಲ ಮಾಡುವುದೂ ಅದೇ.
ಎರ್ರಿಸ್ವಾಮಿ ಹಗಲು ತೂಕದ ಕಟ್ಟೆಯಲ್ಲಿ ಚೀಟಿ ಹರಿಯುತ್ತಾನೆ,
ರಾತ್ರಿ ಗಂಟಲಲ್ಲಿ ಜಲ್ಲಿ ಅರೆಯುತ್ತಾನೆ.
ಅರುಳ್ ಮೇರಿಯದು ನಾಲ್ಕೇ ದಪ್ಪ ತಂತಿ.
ಮೀಟಿದರೆ ನನ್ನ ಸ್ಟೂಲಿನ ಕಾಲಿಗೆ ತಿಳಿಯುತ್ತದೆ, ಕಿವಿಗೆ ಆಮೇಲೆ.
ಇಮ್ತಿಯಾಜನ ಲ್ಯಾಪ್‌ಟಾಪಿಗೆ ಮುಚ್ಚಳವಿಲ್ಲ,
ಫ್ಯಾನು ಹಾಕಿದರೆ ಮೈಕು ಹಿಡಿಯುತ್ತದೆಂದು
ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನೂ ಇಲ್ಲ.

ಆಲ್ಬಮಿಗೆ ಏಳೂವರೆ ಅಂತ ಹೆಸರಿಟ್ಟಾಗ ಅವ್ವ ತಲೆ ಚಚ್ಚಿಕೊಂಡಳು.
"ಶನಿ ಬಿಡ್ತು ಅಂದ್ಕೊಂಡಿದ್ನೆಲೇ,
ನೀನಾ ಕರ್ಕಂಡು ಬಂದು ಮಾಳಿಗಿ ಮ್ಯಾಲೆ ಕುಂದ್ರಿಸ್ದಿ."
ಅದು ತಾಳ, ಅಂದ ಅವನು.
ಏಳು ಪೆಟ್ಟು, ಆಮೇಲೆ ಅರ್ಧ. ಎಂಟು ಬರುವುದೇ ಇಲ್ಲ.
ಎಂಟು ಬರದಿದ್ದರೆ ಕುಣಿಯೋದು ಹೆಂಗೆ, ಅಂದಳು ಅವ್ವ.
"ಕುಣಿಯಾಕಲ್ಲ ಬೇ. ಕುಂತು ಕೇಳಾಕ."
ಕುಂತು ಕೇಳುವ ಪುರಸೊತ್ತು ಈ ಮನೆಯಲ್ಲಿ ಯಾರಿಗಿದೆ
ಎಂದು ಅವಳು ಕೇಳಲಿಲ್ಲ. ಅಕ್ಕಿ ಆರಿಸಿದಳು.

ಮೂರನೆಯದು ಹತ್ತೊಂಬತ್ತು ನಿಮಿಷದ್ದು, ಒಂದೇ ಉಸಿರಿಗೆ ಬಾರಿಸಬೇಕು.
"ಅಕ್ಕಾ, ಎರಡು ತಾಸು ಮಷೀನ್ ನಿಲ್ಲಿಸ್ತೀಯಾ?"
ಬೆಳಿಗ್ಗೆ ಮುನ್ನೂರು ಪೀಸು ಕೊಡಬೇಕು, ಆಗಲ್ಲ ಅಂದೆ.
ಅವನು ಬಾಯಿಬಿಡಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ರೀತಿಯಲ್ಲೇ ಬೈದ.

ಹತ್ತೂವರೆಗೆ ಶುರು.
ನನ್ನ ಮಷೀನು ಕಾಜಾ ಕಚ್ಚುತ್ತದೆ, ಬಿಡುತ್ತದೆ;
ಮೇಲೆ ಅವನು ಬಾರಿಸುತ್ತಾನೆ,
ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಸದ್ದು
ಒಂದರ ಕಾಲು ಇನ್ನೊಂದು ತುಳಿಯುತ್ತ.
ಐದು, ಆರು, ಏಳು,
ಪ್ಯಾಂಟು ಎಳೆದು ಪಕ್ಕಕ್ಕೆ ಎಸೆಯುವಷ್ಟು ಅರ್ಧ,
ಮತ್ತೆ ಒಂದು.
ಓ.
ಈ ಅರ್ಧ ನನಗೆ ಗೊತ್ತಿದ್ದದ್ದೇ.
ಯಾರೂ ಅದಕ್ಕೆ ಕೂಲಿ ಕೊಟ್ಟಿರಲಿಲ್ಲ, ಅಷ್ಟೆ.

ಹದಿನಾಲ್ಕನೇ ನಿಮಿಷಕ್ಕೆ ಕರೆಂಟು ಹೋಯಿತು.
ಮಷೀನು ಸತ್ತಿತು. ಗಿಟಾರು ಸತ್ತಿತು. ಮೇರಿಯ ತಂತಿ
ಸೊಳ್ಳೆಯಂತೆ ಸ್ವಲ್ಪ ಹೊತ್ತು.
ಡ್ರಮ್ಮಿಗೆ ಕರೆಂಟು ಬೇಡ.
ಅವನು ನಿಲ್ಲಿಸಲಿಲ್ಲ.
ಕತ್ತಲಲ್ಲಿ, ಬೆವರಲ್ಲಿ, ಏಳು, ಮತ್ತೆ ಅರ್ಧ.
ನನ್ನ ಕೈ ಸುಮ್ಮನಿರಲಾರದೆ ಕತ್ತರಿ ಹುಡುಕಿತು.
ದಾರದ ತುದಿ ಕತ್ತರಿಸಲು ಕಣ್ಣು ಬೇಕಿಲ್ಲ:
ಕಚ್. ಕಚ್. ಬೆರಳಿಗೆ ಸಿಕ್ಕಷ್ಟು.
ಹೊರಗೆ ಬೈಪಾಸಿನಲ್ಲಿ ಅದಿರಿನ ಲಾರಿ ಸಾಲುಗಟ್ಟಿ ಹೋದವು
ಗುಂಡಿಗೊಂದು ಧಡಾರ್ ಇಳಿಸುತ್ತ.
ಬೆಟ್ಟದ ಕಲ್ಲು ಹಗಲಿನ ಬಿಸಿ ಇನ್ನೂ ಬಿಟ್ಟಿರಲಿಲ್ಲ.

ಹಾಳಾಯಿತು ಅಂದುಕೊಂಡೆ. ಹಾಳಾಗಲಿ ಅಂತಲೂ ಇದ್ದಿರಬೇಕು.
ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತಂತೆ.
ಒಂದೇ ಮೈಕು ಬದುಕಿತ್ತಂತೆ, ಮೆಟ್ಟಿಲ ಕಡೆ ಮುಖ ಮಾಡಿದ್ದು.
ಇಮ್ತಿಯಾಜ ಮೂರು ಸಲ ಕೇಳಿ "ಇದು ಇರ್ಲಿ" ಅಂದ.
ಎರ್ರಿಸ್ವಾಮಿ ಎರಡು ದಿನ ಜಗಳವಾಡಿದ:
ಆ ಜಾಗದಲ್ಲಿ ಅವನ ದೊಡ್ಡ ಕೂಗಿತ್ತು.

ಈಗ ರಟ್ಟಿನ ಮೇಲೆ, ಕೊನೆಯ ಸಾಲಿನಲ್ಲಿ, ಇರುವೆಯಷ್ಟು ಅಕ್ಷರ:
ಕತ್ತರಿ: ಸುಂಕಮ್ಮ.
ಅವ್ವನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದೆ.
ಪೂರ್ತಿ ಕೇಳಿದಳು, ಅಕ್ಕಿ ಮೊರ ತೊಡೆಯ ಮೇಲೆ.
ತೆಗೆದು, "ಹಾಡು ಯಾವಾಗ ಬರ್ತೈತಿ?" ಅಂದಳು.

ಮುನ್ನೂರರಲ್ಲಿ ಒಂದು ವಾಪಸು ಬಂತು.
ಕರೆಂಟು ಹೋದ ಗಳಿಗೆಯದಿರಬೇಕು, ಕಾಜಾ ಅರ್ಧ ಬೆರಳು ಆಚೆ ಕೂತಿದೆ.
ಕೂಲಿಯಲ್ಲಿ ಮುರಿದುಕೊಂಡರು.
ಪ್ಯಾಂಟನ್ನು ತಮ್ಮನಿಗೆ ಕೊಟ್ಟೆ.
ಗುಂಡಿ ಸರಿ ಕೂರುವುದಿಲ್ಲ ಅಂತ ಗೊಣಗುತ್ತ ಹಾಕಿಕೊಳ್ಳುತ್ತಾನೆ.